ಗಲ್ಲಾದ ಚಾವಿ ಯಾರ ಕೈಗೆ?

ಫೆಬ್ರವರಿ ಬಂತೆಂದರೆ ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಕಟಾವಿನ ಗಡಿಬಿಡಿ. ಕೊಯ್ದ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರವುತ್ತಾರೆ. ಸುಮಾರು ಎರಡು ವಾರದಲ್ಲಿ ಅದು ಒಣದ್ರಾಕ್ಷಿ. ಆ ಮೇಲೆ ಕೋಲ್ಡ್ ಸ್ಟೋರೇಜು, ವಿಜಯಪುರದ ಮಾರುಕಟ್ಟೆ. ಈ ವ್ಯಾಪಾರದಲ್ಲಿ ಮುಂಗಡ ಕೊಟ್ಟದ್ದು ಒಂದು ಕಡೆ, ಮಾಲು ಇನ್ನೊಂದು ಕಡೆ, ಬರಬೇಕಾದ ಉದ್ರಿ ಹಣ ಮತ್ತೊಂದು ಊರಿನಲ್ಲಿ. ಎಷ್ಟೋ ಮನೆಗಳಲ್ಲಿ ಇದೆಲ್ಲದರ ಲೆಕ್ಕ ಒಬ್ಬನೇ ಮನುಷ್ಯನ ತಲೆಯಲ್ಲಿರುತ್ತದೆ. ಅವನು ಹಠಾತ್ತನೆ ಮರಣ ಹೊಂದಿದರೆ? ಕೊಡಬೇಕಾದವರು ಸುಮ್ಮನಾಗುತ್ತಾರೆ, ಪಡೆಯಬೇಕಾದವರು ಮೂರನೆಯ ದಿನವೇ ಬಾಗಿಲು ತಟ್ಟುತ್ತಾರೆ. ಬಟ್ಟೆ ಅಂಗಡಿಯಿರಲಿ, ಗ್ಯಾರೇಜ್ ಇರಲಿ, ಕಥೆ ಇದೇ.

ಮರಣದ ಮಾತೆತ್ತಿದರೆ ಅಪಶಕುನವೆಂದು ಬಾಯಿ ಮುಚ್ಚಿಸುವವರು ಮೂತಾ ಯುದ್ಧವನ್ನು ನೆನೆಯಬೇಕು. ಹಿಜರಿ 8ರಲ್ಲಿ ಸೈನ್ಯವನ್ನು ಕಳಿಸುವಾಗ ಪ್ರವಾದಿಯವರು(ಸ) ಝೈದ್ ಬಿನ್ ಹಾರಿಸಾರನ್ನು(ರ) ನಾಯಕರನ್ನಾಗಿ ನೇಮಿಸಿದರು. ಅವರು ಹುತಾತ್ಮರಾದರೆ ಜಅಫರ್(ರ), ಅವರೂ ಹುತಾತ್ಮರಾದರೆ ಅಬ್ದುಲ್ಲಾ ಬಿನ್ ರವಾಹ(ರ) ಎಂದು ಆಗಲೇ ತಿಳಿಸಿಬಿಟ್ಟರು. ಮೂವರೂ ಹುತಾತ್ಮರಾದರು. ಬಳಿಕ ಧ್ವಜ ಖಾಲಿದ್ ಬಿನ್ ವಲೀದರ(ರ) ಕೈಗೆ ಬಂತು, ಅವರು ಸೈನ್ಯವನ್ನು ಉಳಿಸಿ ಮರಳಿ ತಂದರು.

ವಿಜಯಪುರದ ಇತಿಹಾಸದಲ್ಲೂ ಇಂತಹ ಒಂದು ಘಟನೆಯಿದೆ. 1580ರಲ್ಲಿ ಒಂದನೇ ಅಲಿ ಆದಿಲ್ ಶಾಹ ಕೊಲೆಯಾದಾಗ ಅವರಿಗೆ ಗಂಡುಮಕ್ಕಳಿರಲಿಲ್ಲ. ಆದರೆ ತಮ್ಮನ ಮಗ ಇಬ್ರಾಹೀಮನನ್ನು ಉತ್ತರಾಧಿಕಾರಿಯೆಂದು ಮೊದಲೇ ಹೆಸರಿಸಿದ್ದರು. ಹಾಗಾಗಿ ಸಿಂಹಾಸನಕ್ಕೆ ಯಾರು ಎಂಬುದು ತೀರ್ಮಾನವಾಗಿತ್ತು. ಹುಡುಗನಿಗೆ ಆಗ ಒಂಬತ್ತರ ವಯಸ್ಸು. ಅವನು ದೊಡ್ಡವನಾಗುವವರೆಗೆ ಆಡಳಿತ ಯಾರ ಕೈಯಲ್ಲಿ? ಜಗಳ ಎದ್ದದ್ದು ಇಲ್ಲಿ. ವಿಧವೆ ರಾಣಿ ಚಾಂದ್ ಬೀಬಿ ಹುಡುಗನ ಪರವಾಗಿ ನಿಂತರು. ಸರದಾರರು ಒಬ್ಬರಾದ ಮೇಲೊಬ್ಬರು ಅಧಿಕಾರಕ್ಕೆ ಕೈಚಾಚಿದರು. ಕಿಶ್ವರ್ ಖಾನ್ ಎಂಬವನಂತೂ ರಾಣಿಯನ್ನೇ ಸಾತಾರಾದ ಕೋಟೆಯಲ್ಲಿ ಬಂಧಿಸಿಟ್ಟ. ಆ ಹುಡುಗನೇ ಮುಂದೆ 1627ರವರೆಗೆ ಆಳಿದ ಎರಡನೇ ಇಬ್ರಾಹೀಮ್ ಆದಿಲ್ ಶಾಹ. ಇಬ್ರಾಹೀಂ ರೋಜಾದಲ್ಲಿ ನಾವು ನೋಡುವುದು ಅವರದೇ ಗೋರಿಯನ್ನು.

ನಮ್ಮ ಮನೆಗಳಲ್ಲೂ ಪೆಟ್ಟು ಬೀಳುವುದು ಇದೇ ಜಾಗದಲ್ಲಿ. ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು ಪಾಲು ಎಂಬುದು ಹೆಚ್ಚಿನವರಿಗೆ ಗೊತ್ತು. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ನೋಡಿಕೊಳ್ಳುವವರು ಯಾರು? ತಾಯಿ ಎಂದು ನೀವು ಹೇಳಬಹುದು. ನಮ್ಮ ನ್ಯಾಯಾಲಯಗಳು ಅನುಸರಿಸುವ ಮುಸ್ಲಿಂ ವೈಯಕ್ತಿಕ ಕಾನೂನು ಹಾಗೆ ಹೇಳುವುದಿಲ್ಲ. ಎಳೆಯ ಮಕ್ಕಳನ್ನು ಸಾಕುವ ಹಕ್ಕು ತಾಯಿಗಿದೆ. ಆಸ್ತಿಯ ಪೋಷಕರು ಮಾತ್ರ ತಂದೆ, ತಂದೆ ನೇಮಿಸಿದ ವಸೀ, ನಂತರ ತಂದೆಯ ತಂದೆ, ಅವರು ನೇಮಿಸಿದ ವಸೀ. ಇವರಾರೂ ಇಲ್ಲದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. 1918ರ ಇಮಾಂಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಸ್ಪಷ್ಟಪಡಿಸಿತು. ತಾಯಿ ಸಾಲ ತೀರಿಸಲೆಂದೇ ಗೋದಾಮು ಮಾರಿದರೂ ಮಕ್ಕಳ ಪಾಲಿನ ಮಟ್ಟಿಗೆ ಆ ಮಾರಾಟ ನಿಲ್ಲುವುದಿಲ್ಲ.

ದಾರಿ ಇಲ್ಲದಿಲ್ಲ. ಪತಿ ಬದುಕಿರುವಾಗಲೇ ಪತ್ನಿಯನ್ನು ಮಕ್ಕಳ ಆಸ್ತಿಗೆ ವಸೀಯಾಗಿ ಬರವಣಿಗೆಯಲ್ಲಿ ನೇಮಿಸಬಹುದು. ಇದರಿಂದ ಯಾರ ಪಾಲೂ ಕಡಿಮೆಯಾಗುವುದಿಲ್ಲ, ಆದ್ದರಿಂದ ವಾರೀಸುದಾರರಿಗೆ ವಸೀಯತ್ ಇಲ್ಲವೆಂಬ ನಿಯಮ ಅಡ್ಡ ಬರುವುದಿಲ್ಲ. ಹಝ್ರತ್ ಉಮರ್(ರ) ಖೈಬರಿನ ತಮ್ಮ ವಕ್ಫ್ ಜಮೀನಿನ ಉಸ್ತುವಾರಿಯನ್ನು ತಮ್ಮ ಬಳಿಕ ಮಗಳು ಹಫ್ಸಾರಿಗೆ(ರ) ವಹಿಸಿದ್ದರು. ಮೈದುನಂದಿರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮೈದುನನಿಗೂ ಒಂದು ಕಾಗದವಿದ್ದರೆ ಅನುಕೂಲವೇ.

ಪಾಲುದಾರಿಕೆಯ ವ್ಯಾಪಾರವಾದರೆ ಕರಾರು ಪತ್ರ ತೆಗೆದು ನೋಡಿ. ಅದರಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, 1932ರ ಕಾಯಿದೆಯಂತೆ ಪಾಲುದಾರನ ಮರಣದೊಂದಿಗೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಎಂದು ನಿಮ್ಮ ಹೆಸರಿದ್ದರೆ ಹಣ ನಿಮ್ಮ ಕೈಗೆ ಬರುತ್ತದೆ, ಆದರೆ ಅದು ಎಲ್ಲ ವಾರೀಸುದಾರರದ್ದು. ಕಫನ್-ದಫನ್ ಖರ್ಚು, ಸಾಲ, ವಸೀಯತ್ ಆದ ಮೇಲೆಯೇ ಪಾಲು. ಆ ಸಾಲವೆಷ್ಟೆಂದು ತಿಳಿಯಲು ಬರಹ ಬೇಕು. ಕುರ್‌ಆನಿನ ಅತಿ ಉದ್ದದ ಸೂಕ್ತವು (2:282) ಆದೇಶಿಸಿರುವುದು ಸಾಲವನ್ನು ಬರೆದಿಡಬೇಕೆಂದೇ.

2019ರ ಜುಲೈ ಕೊನೆಯಲ್ಲಿ ಕೆಫೆ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡಾಗ ಕಂಪೆನಿ ಕೂಡಲೇ ಎಸ್.ವಿ. ರಂಗನಾಥರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಮಾಡಿತು. ಪತ್ನಿ ಮಾಳವಿಕಾ ಹೆಗ್ಡೆ ಸಿಇಓ ಆದದ್ದು 2020ರ ಡಿಸೆಂಬರಿನಲ್ಲಿ. ಅವರು ಮೊದಲಿನಿಂದಲೂ ನಿರ್ದೇಶಕ ಮಂಡಳಿಯಲ್ಲಿದ್ದವರು, ವ್ಯವಹಾರ ಅವರಿಗೆ ಹೊಸದಾಗಿರಲಿಲ್ಲ. ನಮ್ಮಲ್ಲಿ ಎಷ್ಟು ಸಹೋದರಿಯರಿಗೆ ಪತಿಯ ಅಂಗಡಿಗೆ ಮಾಲು ಎಲ್ಲಿಂದ ಬರುತ್ತದೆಂದಾದರೂ ಗೊತ್ತು?

ಇನ್ನು ಇದ್ದತ್. ಪತಿಯ ಮರಣದ ಇದ್ದತ್ 4 ತಿಂಗಳು 10 ದಿನ (2:234), ಗರ್ಭಿಣಿಗೆ ಹೆರಿಗೆಯವರೆಗೆ. ಈ ಅವಧಿಯಲ್ಲಿ ಆಕೆಯನ್ನು ಕೋಣೆಗೆ ಸೇರಿಸಿ, ವ್ಯಾಪಾರದ ಮಾತೇ ಕಿವಿಗೆ ಬೀಳದಂತೆ ಮಾಡುವವರಿದ್ದಾರೆ. ಮನೆಯಲ್ಲೇ ಕೂತು ಫೋನಿನಲ್ಲಿ ಲೆಕ್ಕ ಕೇಳಲು, ಕಾಗದಕ್ಕೆ ಸಹಿ ಹಾಕಲು ಯಾವ ಅಡ್ಡಿಯೂ ಇಲ್ಲ. ಜೀವನೋಪಾಯದ ಅಗತ್ಯವಿದ್ದರೆ ವಿಧವೆಯು ಹಗಲಲ್ಲಿ ಹೊರಹೋಗಿ ರಾತ್ರಿಯನ್ನು ಮನೆಯಲ್ಲೇ ಕಳೆಯಬಹುದೆಂದು ಹನಫೀ ಫಿಕ್ಹ್ ಹೇಳುತ್ತದೆ.

ಅಂಗಡಿ ನಡೆಸುವ ತಾಯಿ ಅನಾಥ ಮಕ್ಕಳ ಪಾಲಿನಿಂದ ಏನಾದರೂ ತೆಗೆದುಕೊಳ್ಳಬಹುದೇ? ಅನುಕೂಲಸ್ಥ ಪೋಷಕರು ದೂರವಿರಬೇಕು, ಬಡವರು ನ್ಯಾಯವಾದಷ್ಟನ್ನು ಪಡೆಯಬಹುದು (4:6). ಹಾಗೆ ಪಡೆದದ್ದನ್ನೂ ಮಕ್ಕಳ ಹೆಸರಿನ ಬೇರೆ ಪುಟದಲ್ಲಿ ತಾರೀಖು ಸಹಿತ ಬರೆಯಬೇಕು. ಅವರು ಪ್ರಾಯಕ್ಕೆ ಬಂದು ಬುದ್ಧಿವಂತರಾದಾಗ ಸಾಕ್ಷಿಗಳ ಮುಂದೆ ಆಸ್ತಿಯನ್ನು ಒಪ್ಪಿಸಬೇಕೆಂದು ಅದೇ ಸೂಕ್ತದಲ್ಲಿದೆ, ಆ ದಿನ ತೆರೆಯುವುದು ಈ ಪುಟವನ್ನೇ.