ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವಾಗ ಔಟ್‌ಪುಟ್ ಟ್ರಾನ್ಸಿಸ್ಟರ್ ಯಾವುದು ಹಾಕಬೇಕು?

ಆಂಪ್ಲಿಫೈಯರ್ ಕಟ್ಟಲು ಹೊರಟವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಯಾವ ಟ್ರಾನ್ಸಿಸ್ಟರ್ ಹಾಕಿದ್ರೆ ಜಾಸ್ತಿ ವಾಟ್ಸ್ ಬರುತ್ತೆ?" ವಾಟ್ಸ್ ಬರುವುದು ಟ್ರಾನ್ಸಿಸ್ಟರಿನಿಂದಲ್ಲ. ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟ್ ಕೊಡುತ್ತದೆ, ಸ್ಪೀಕರ್ ಎಷ್ಟು ಓಮ್‌ನದು ಎಂಬ ಎರಡು ಸಂಗತಿಗಳೇ ಅದನ್ನು ತೀರ್ಮಾನಿಸುತ್ತವೆ. ಅಷ್ಟು ವೋಲ್ಟೇಜು, ಕರೆಂಟು ಮತ್ತು ಬಿಸಿಯನ್ನು ತಡೆದುಕೊಂಡು ಬಾಳುವುದಷ್ಟೇ ಟ್ರಾನ್ಸಿಸ್ಟರಿನ ಕೆಲಸ. ಆದ್ದರಿಂದ ಲೆಕ್ಕವನ್ನು ಸ್ಪೀಕರಿನಿಂದ ಶುರು ಮಾಡಿ.

ಔಟ್‌ಪುಟ್ ಟ್ರಾನ್ಸಿಸ್ಟರ್ ಎಂದರೆ ಸ್ಪೀಕರಿಗೆ ನೇರವಾಗಿ ಕರೆಂಟು ಕೊಡುವ ಕೊನೆಯ ಹಂತ. ಇದಕ್ಕೆ ಜೋಡಿ ಬೇಕು. ಸಂಗೀತದ ಅಲೆ ಮೇಲೇರುವಾಗ ಎನ್‌ಪಿಎನ್ ಜಾತಿಯದು ದುಡಿಯುತ್ತದೆ, ಕೆಳಗಿಳಿಯುವಾಗ ಪಿಎನ್‌ಪಿ ಜಾತಿಯದು. ದೊಡ್ಡ ಗರಗಸವನ್ನು ಆಚೆ ಈಚೆ ನಿಂತ ಇಬ್ಬರು ಸರದಿಯಲ್ಲಿ ಎಳೆಯುವ ಹಾಗೆ. ಇಬ್ಬರ ಶಕ್ತಿಯೂ ಸರಿಸಮ ಇರಬೇಕು. ಅದಕ್ಕೇ ಇವುಗಳನ್ನು ಕಾಂಪ್ಲಿಮೆಂಟರಿ, ಅಂದರೆ ಒಂದಕ್ಕೊಂದು ಹೊಂದುವ ಜೋಡಿ ಎನ್ನುತ್ತಾರೆ.

ಈಗ ಲೆಕ್ಕ ಹಾಕೋಣ. ನಿಮ್ಮಲ್ಲಿ 18-0-18 ಟ್ರಾನ್ಸ್‌ಫಾರ್ಮರ್ ಮತ್ತು 8 ಓಮ್ ಸ್ಪೀಕರ್ ಇದೆ ಎನ್ನಿ. ಡಯೋಡು, ಕೆಪಾಸಿಟರ್ ದಾಟಿದ ಮೇಲೆ ಪ್ಲಸ್ 24, ಮೈನಸ್ 24 ವೋಲ್ಟ್ ಡಿಸಿ ಸಿಗುತ್ತದೆ. ಸರ್ಕ್ಯೂಟಿನೊಳಗೆ ಮೂರು ವೋಲ್ಟ್ ಹೋದರೆ ಸ್ಪೀಕರಿಗೆ ತಲುಪುವ ಗರಿಷ್ಠ ವೋಲ್ಟೇಜು 21. ಅದನ್ನು 8ರಿಂದ ಭಾಗಿಸಿದರೆ ಗರಿಷ್ಠ ಕರೆಂಟು ಸುಮಾರು 2.6 ಆಂಪ್. ಪವರ್ ಸುಮಾರು 27 ವಾಟ್. ಒಂದು ಕೋಣೆಗೆ ಇದು ಧಾರಾಳ.

ಟ್ರಾನ್ಸಿಸ್ಟರ್ ಎಷ್ಟು ವೋಲ್ಟ್ ತಡೆಯಬೇಕು? ಇಲ್ಲೇ ಹೆಚ್ಚಿನವರು ಎಡವುವುದು. 24 ಸಾಕು ಎನಿಸುತ್ತದೆ, ಆದರೆ ಒಂದು ಟ್ರಾನ್ಸಿಸ್ಟರ್ ಪೂರ್ತಿ ತೆರೆದಾಗ ಮುಚ್ಚಿರುವ ಇನ್ನೊಂದರ ಮೇಲೆ ಎರಡೂ ಕಡೆಯ ವೋಲ್ಟೇಜು ಸೇರಿ ಬೀಳುತ್ತದೆ. ಅಂದರೆ 48ರ ಹತ್ತಿರ. ಲೋಡ್ ಇಲ್ಲದಾಗ ಚಿಕ್ಕ ಟ್ರಾನ್ಸ್‌ಫಾರ್ಮರ್ ತನ್ನ ಮೇಲೆ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತದೆ. ಲೈನಿನಲ್ಲಿ 230ರ ಬದಲು 250 ಬಂದರೆ ಇನ್ನಷ್ಟು ಏರುತ್ತದೆ. 55 ದಾಟುವುದು ಕಷ್ಟವಲ್ಲ. ಆದ್ದರಿಂದ 100 ವೋಲ್ಟಿನದನ್ನೇ ಆರಿಸಿ.

ಈ ಅಳತೆಗೆ ನನ್ನ ಆಯ್ಕೆ ಟಿಐಪಿ 41ಸಿ ಮತ್ತು ಅದರ ಜೋಡಿ ಟಿಐಪಿ 42ಸಿ. 100 ವೋಲ್ಟ್, 6 ಆಂಪ್, 65 ವಾಟ್. ಕೊನೆಯ 'ಸಿ' ಅಕ್ಷರ ನೋಡಿಯೇ ಕೊಳ್ಳಿ. ಅಕ್ಷರವಿಲ್ಲದ್ದು 40 ವೋಲ್ಟ್, 'ಎ' 60, 'ಬಿ' 80. ಜೋರಾಗಿ ಹಾಡುವಾಗ ಇದರ ಗೇನ್, ಅಂದರೆ ಕರೆಂಟನ್ನು ಹೆಚ್ಚಿಸುವ ಪ್ರಮಾಣ, 15ಕ್ಕೂ ಇಳಿಯಬಹುದು. ಆಗ ಬೇಸ್‌ಗೆ 170 ಮಿಲಿಆಂಪ್ ಬೇಕಾಗುತ್ತದೆ. ಹಿಂದಿನ ಸಣ್ಣ ಟ್ರಾನ್ಸಿಸ್ಟರಿಗೆ ಅದು ಆಗದ ಮಾತು. ಅದಕ್ಕಾಗಿ ನಡುವೆ ಡ್ರೈವರ್ ಆಗಿ ಬಿಡಿ 139, ಬಿಡಿ 140 ಹಾಕಬೇಕು.

ಸ್ಪೀಕರ್ 4 ಓಮ್ ಆದರೆ ಕರೆಂಟು ಇಮ್ಮಡಿಯಾಗಿ 5 ಆಂಪ್ ದಾಟುತ್ತದೆ. 6 ಆಂಪಿನ ಮಿತಿಗೆ ಅದು ತೀರಾ ಹತ್ತಿರ. ಆಗ 25 ಆಂಪಿನ ಟಿಐಪಿ 35ಸಿ, 36ಸಿ ಜೋಡಿಗೆ ಹೋಗಿ.

"2ಎನ್ 3055 ಹಾಕಬಾರದೇ?" ಎಂದು ಹಳಬರು ಕೇಳುತ್ತಾರೆ. 1960ರ ದಶಕದಲ್ಲಿ ಆರ್‌ಸಿಎ ಕಂಪನಿ ತಂದ, ಕಬ್ಬಿಣದ ಬಿಲ್ಲೆಯಂತೆ ಕಾಣುವ ಈ ಟ್ರಾನ್ಸಿಸ್ಟರ್ ಮೇಲೆ ನನಗೂ ತುಂಬ ಗೌರವವಿದೆ. 15 ಆಂಪ್, 115 ವಾಟ್ ತಡೆಯುತ್ತದೆ. ಆದರೆ ಅದರ ವೋಲ್ಟೇಜ್ ಮಿತಿ 60 ಮಾತ್ರ. 12-0-12 ಟ್ರಾನ್ಸ್‌ಫಾರ್ಮರ್ ಇದ್ದರೆ ನಿಶ್ಚಿಂತೆಯಿಂದ ಹಾಕಿ. ನಮ್ಮ ಈ ಲೆಕ್ಕಕ್ಕೆ ಬೇಡ.

ಇತ್ತೀಚೆಗೆ ಎಲ್ಲರ ಬಾಯಲ್ಲೂ ತೋಷಿಬಾದ 2ಎಸ್‌ಸಿ 5200, 2ಎಸ್‌ಎ 1943 ಜೋಡಿ. 230 ವೋಲ್ಟ್, 15 ಆಂಪ್, 150 ವಾಟ್. ನಿಜಕ್ಕೂ ಒಳ್ಳೆಯ ಸರಕು. ಆದರೆ ಇದು ಬಹಳ ವೇಗದ್ದು. ನಿಧಾನದ ಟ್ರಾನ್ಸಿಸ್ಟರಿಗೆ ಮಾಡಿದ ಹಳೆಯ ಬೋರ್ಡಿಗೆ ಇದನ್ನು ಹಾಕಿದರೆ ಆಸಿಲೇಶನ್ ಶುರುವಾಗಬಹುದು, ಅಂದರೆ ಕಿವಿಗೆ ಕೇಳಿಸದ ಕಂಪನ ಎದ್ದು ಸುಮ್ಮನೆ ಬಿಸಿಯಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಕಲಿ ಮಾಲು. ಸಣ್ಣ ಚಿಪ್ಪನ್ನು ದೊಡ್ಡ ಪ್ಯಾಕಿಗೆ ತುಂಬಿ ಮೇಲೆ ಹೆಸರು ಅಚ್ಚು ಹಾಕಿರುತ್ತಾರೆ. ಮಲ್ಟಿಮೀಟರಿನಲ್ಲಿ ಸರಿಯಾಗೇ ತೋರಿಸುತ್ತದೆ, ಸದ್ದು ಏರಿಸಿದಾಗ ಸುಡುತ್ತದೆ. ಅಸಲಿ ಟಿಐಪಿ 41ಸಿ ನಕಲಿ 5200ಕ್ಕಿಂತ ಎಷ್ಟೋ ಮೇಲು.

ಟಿಐಪಿ 41ಸಿಗೆ 65 ವಾಟ್ ಎಂದು ಬರೆದಿರುವುದು ಅದರ ಮೈ 25 ಡಿಗ್ರಿಯಲ್ಲಿದ್ದಾಗಿನ ಮಾತು. 100 ಡಿಗ್ರಿಗೆ ಏರಿದರೆ ಉಳಿಯುವುದು 26 ವಾಟ್ ಅಷ್ಟೇ. ನಮ್ಮ ಸರ್ಕ್ಯೂಟಿನಲ್ಲಿ ಒಂದೊಂದೂ ಏಳೆಂಟು ವಾಟ್ ಬಿಸಿ ಹೊರಹಾಕಬೇಕು. ನಿಜವಾದ ಸ್ಪೀಕರಿನಲ್ಲಿ ಕೆಲವೊಮ್ಮೆ ಅದರ ಎರಡರಷ್ಟೂ ಆದೀತು. ಹಾಗಾಗಿ ಹೀಟ್‌ಸಿಂಕ್, ಅಂದರೆ ಬಿಸಿ ಹೀರುವ ಅಲ್ಯೂಮಿನಿಯಂ ರೆಕ್ಕೆಪಟ್ಟಿ, ದೊಡ್ಡದೇ ಇರಲಿ. ಟ್ರಾನ್ಸಿಸ್ಟರಿನ ಲೋಹದ ಬೆನ್ನು ಕಲೆಕ್ಟರಿಗೆ ಸೇರಿರುತ್ತದೆ. ನಡುವೆ ಮೈಕಾ ಹಾಳೆ, ಎರಡೂ ಬದಿಗೆ ಹೀಟ್‌ಸಿಂಕ್ ಪೇಸ್ಟು, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಹಾಕಿ. ಬಿಗಿದ ಮೇಲೆ ಹೀಟ್‌ಸಿಂಕಿಗೂ ಕಲೆಕ್ಟರಿಗೂ ಶಾರ್ಟ್ ಇಲ್ಲವೆಂದು ಮೀಟರಿನಲ್ಲಿ ನೋಡಿ. ಬಯಾಸ್ ಟ್ರಾನ್ಸಿಸ್ಟರನ್ನೂ ಅದೇ ಹೀಟ್‌ಸಿಂಕಿಗೆ ಕೂರಿಸಿ. ಬಿಸಿ ಏರಿದಂತೆ ಅದು ಖಾಲಿ ಕರೆಂಟನ್ನು, ಅಂದರೆ ಹಾಡಿಲ್ಲದಾಗ ಹರಿಯುವ ಕರೆಂಟನ್ನು, ತಗ್ಗಿಸುತ್ತದೆ. ಇಲ್ಲವಾದರೆ ಬಿಸಿಯಿಂದ ಕರೆಂಟು, ಕರೆಂಟಿನಿಂದ ಮತ್ತೆ ಬಿಸಿ ಏರುತ್ತಾ ಜೋಡಿಯೇ ಸುಟ್ಟುಹೋಗುತ್ತದೆ.

ಬೆಲೆಯ ಚಿಂತೆ ಬೇಡ. ಟಿಐಪಿ 41ಸಿ, 42ಸಿ ಜೋಡಿ ನೂರು ರೂಪಾಯಿಯೊಳಗೇ ಸಿಗುತ್ತದೆ. ಹೆಚ್ಚು ಖರ್ಚಾಗುವುದು ಟ್ರಾನ್ಸ್‌ಫಾರ್ಮರಿಗೆ ಮತ್ತು ಹೀಟ್‌ಸಿಂಕಿಗೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದೆ. ಬೇರೆ ಊರಿನವರು ಬಿಲ್ಲು ಕೊಡುವ ಆನ್‌ಲೈನ್ ಅಂಗಡಿಯಿಂದ ತರಿಸಬಹುದು. ಎರಡು ಜೋಡಿ ಹೆಚ್ಚಿಗೆ ತಂದಿಡಿ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್ ಲೈನಿಗೆ 60 ವಾಟಿನ ಹಳೆಯ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ, ಎಲ್‌ಇಡಿ ನಡೆಯದು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಎಲ್ಲ ಸರಿಯಿದ್ದರೆ ಬಲ್ಬು ತೆಗೆದು, 0.33 ಓಮ್ ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ಬರುವಂತೆ ಪ್ರಿಸೆಟ್ ತಿರುಗಿಸಿ. ಆಗ ಖಾಲಿ ಕರೆಂಟು 30 ಮಿಲಿಆಂಪ್ ಆಗುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಔಟ್‌ಪುಟ್‌ನಲ್ಲಿ ಡಿಸಿ 50 ಮಿಲಿವೋಲ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಸ್ಪೀಕರ್ ಜೋಡಿಸಿ.