ಮುಂಚೆ ಬಂದದ್ದಕ್ಕೆ ಮೊದಲ ಮಣೆ

ಮಿಂಚು ಹೊಳೆಯುತ್ತದೆ, ಒಂದೆರಡು ಕ್ಷಣ ಕಳೆದು ಗುಡುಗು ಕೇಳುತ್ತದೆ. ಇದನ್ನು ಕನ್ನಡದಲ್ಲಿ ‘ಗುಡುಗಿಗೆ ಮುಂಚೆ ಮಿಂಚು ಬರುತ್ತದೆ’ ಎನ್ನುತ್ತೇವೆ. ಗುಡುಗಿಗೆ ಅಂಟಿದ ‘ಗೆ’, ಕಾಲ ತಿಳಿಸುವ ‘ಮುಂಚೆ’, ಕೊನೆಗೆ ‘ಬರುತ್ತದೆ’ ಎಂಬ ಕ್ರಿಯಾಪದ: ಮೂರೂ ಸೇರಿದರೆ ಅರ್ಥ ಪೂರ್ಣ. ಇಂಗ್ಲಿಷಿನಲ್ಲಿ ಈ ಮೂವರ ಕೆಲಸವನ್ನು ಒಂದೇ ಪದ ಮಾಡುತ್ತದೆ: ‘ಪ್ರಿಸೀಡ್’. ‘ಲೈಟ್ನಿಂಗ್ ಪ್ರಿಸೀಡ್ಸ್ ಥಂಡರ್.’ ಅಷ್ಟೇ.

ಪದದ ಹೊಲಿಗೆ ಬಿಚ್ಚಿದರೆ ಗುಟ್ಟು ತಿಳಿಯುತ್ತದೆ. ಲ್ಯಾಟಿನ್‌ನಲ್ಲಿ ‘ಪ್ರೈ’ ಎಂದರೆ ಮುಂದೆ, ‘ಕೇದೆರೆ’ ಎಂದರೆ ಹೋಗುವುದು. ‘ಮುಂಚೆ’ ಎಂಬುದು ಪದದ ಒಳಗೇ ಇದೆ. ಆದ್ದರಿಂದ ಅದರ ಜೊತೆ ‘ಬಿಫೋರ್’ ಬೇಡ. ನಮ್ಮ ‘ಗೆ’ಯ ರೂಢಿಯಿಂದ ಕೈ ತಾನಾಗಿ ‘ಟು’ ಬರೆಯಲು ಹೋಗುತ್ತದೆ, ಅದೂ ಬೇಡ. ಕ್ರಿಯಾಪದದ ಪಕ್ಕದಲ್ಲೇ ಕರ್ಮಪದ ಬರಬೇಕು.

ಮಿಂಚು-ಗುಡುಗಿನ ಆ ಇಂಗ್ಲಿಷ್ ವಾಕ್ಯದಲ್ಲಿ ಪದಗಳ ಸಾಲೂ ಘಟನೆಗಳ ಸಾಲೂ ಒಂದೇ. ಮೊದಲು ಬಂದದ್ದಕ್ಕೆ ಮೊದಲ ಮಣೆ. 1997ರಲ್ಲಿ ಪ್ರಧಾನಿ ಪಟ್ಟ ದೇವೇಗೌಡರಿಂದ ಗುಜ್ರಾಲರಿಗೆ ಹೋಯಿತು. ಹಾಗಾಗಿ ‘ದೇವೇಗೌಡ ಪ್ರಿಸೀಡೆಡ್ ಗುಜ್ರಾಲ್’. ಮಾತು ಗುಜ್ರಾಲರ ಬಗ್ಗೆಯೇ ನಡೆದಿದ್ದರೆ ವಾಕ್ಯವನ್ನು ಕರ್ಮಣಿಗೆ ತಿರುಗಿಸಬಹುದು: ‘ಗುಜ್ರಾಲ್ ವಾಸ್ ಪ್ರಿಸೀಡೆಡ್ ಬೈ ದೇವೇಗೌಡ’. ಹೆಸರುಗಳು ಜಾಗ ಬದಲಿಸಿದವು, ಚರಿತ್ರೆ ಬದಲಾಗಲಿಲ್ಲ. ಮುಂಚೆ ಇದ್ದವರು ಯಾರೆಂದು ‘ಬೈ’ ಎಂಬ ಪುಟ್ಟ ಪದ ಬೆರಳು ಮಾಡಿ ತೋರಿಸುತ್ತದೆ.

ಬರೆಯುವಾಗ ಕಣ್ಣು ಚುರುಕಾಗಿರಬೇಕು. ‘ಪ್ರೊಸೀಡ್’ ಎಂದರೆ ಮುಂದುವರಿಯುವುದು. ಅದರ ಕೊನೆಗೆ ಜೋಡಿ ‘ಇ’, ಆಮೇಲೆ ‘ಡಿ’. ‘ಎಕ್ಸೀಡ್’, ‘ಸಕ್ಸೀಡ್’ ಪದಗಳದ್ದೂ ಇದೇ ದಾರಿ. ‘ಪ್ರಿಸೀಡ್’ನಲ್ಲಿ ಮಾತ್ರ ಆ ಎರಡು ‘ಇ’ಗಳ ನಡುವೆ ‘ಡಿ’ ಕೂತಿದೆ. ಒಂದಕ್ಷರ ಸರಿದರೂ ಓದುಗ ತಡವರಿಸುತ್ತಾನೆ.

ಇದೇ ಮನೆತನದ ‘ಪ್ರಿಸಿಡೆಂಟ್’ ನ್ಯಾಯಾಲಯದಲ್ಲಿ ಪೂರ್ವನಿದರ್ಶನ: ಮುಂದಿನ ಮೊಕದ್ದಮೆಗೆ ದಾರಿ ತೋರುವ ಹಳೆಯ ತೀರ್ಪು. ‘ಪ್ರಿಸೀಡಿಂಗ್ ಪೇಜ್’ ನಮಗೆ ಹಿಂದಿನ ಪುಟ. ಓದಿ ಮಗುಚಿದವರಿಗೆ ಅದು ಹಿಂದೆ ಉಳಿದ ಹಾಳೆ. ಪುಟಗಳ ಮೆರವಣಿಗೆಯನ್ನು ನೋಡುವವರಿಗೆ ಮುಂದೆ ನಡೆದ ಹಾಳೆ. ಕನ್ನಡಕ್ಕೂ ಈ ಎರಡನೆಯ ನೋಟ ಹೊಸದಲ್ಲ. ‘ಮುಂಚೆ’, ‘ಮುನ್ನ’ ಎನ್ನುವಾಗಲೆಲ್ಲ ಕಳೆದುಹೋದದ್ದನ್ನು ನಾವೂ ಮುಂದೆಯೇ ನಿಲ್ಲಿಸುತ್ತೇವೆ.