ವಿಂಡೋಸ್ ಮರುಸ್ಥಾಪನೆಯ ನಂತರ ಪಾಸ್‌ವರ್ಡ್‌ಗಳನ್ನು ಮರಳಿ ಪಡೆಯುವ ಕ್ರಮ

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಹಣ ಖಾತೆಗೆ ಜಮೆಯಾಯಿತೇ ಎಂದು ನೋಡಲು, ರಾಣೆಬೆನ್ನೂರಿನ ಬೀಜದಂಗಡಿಗೆ ಹಣ ಕಳಿಸಲು, ಹಾವೇರಿ ಜಿಲ್ಲೆಯ ಅನೇಕ ರೈತರು ಇಂದು ಲ್ಯಾಪ್‌ಟಾಪ್ ಬಳಸುತ್ತಾರೆ. ಪಾಸ್‌ವರ್ಡ್‌ಗಳನ್ನು ಬ್ರೌಸರ್ ನೆನಪಿಟ್ಟಿರುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂಥ ಯಂತ್ರಕ್ಕೆ ಹೊಸದಾಗಿ ವಿಂಡೋಸ್ ಹಾಕಿಸಿದಾಗ ಪಾಸ್‌ವರ್ಡ್‌ಗಳು ಕಾಣೆಯಾಗುವುದುಂಟು. ಬೆಳೆ ವಿಮೆ ಕಂತು ತುಂಬುವ ಕಡೆಯ ದಿನ ಬ್ಯಾಂಕ್ ಖಾತೆ ತೆರೆಯದಿದ್ದರೆ ಹಂಗಾಮಿನ ರಕ್ಷಣೆಯೇ ತಪ್ಪೀತು.

ಕಾರಣ: ಕ್ರೋಮ್ ಬ್ರೌಸರ್ ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಇಡುತ್ತದೆ. ಅದನ್ನು ಬಿಡಿಸುವ ಕೀಲಿಕೈ ಆ ವಿಂಡೋಸ್‌ನ ಬಳಕೆದಾರ ಖಾತೆಗೆ ಅಂಟಿಕೊಂಡಿರುತ್ತದೆ. ಹಳೆಯ ಕಡತಕೋಶವನ್ನು ನಕಲು ಮಾಡಿ ತಂದರೆ ಪೆಟ್ಟಿಗೆ ಬರುತ್ತದೆ, ಕೀಲಿಕೈ ಬರುವುದಿಲ್ಲ. ಹೊಸ ಖಾತೆಗೆ ಹಳೆಯ ಹೆಸರನ್ನೇ ಇಟ್ಟರೂ ಪ್ರಯೋಜನವಿಲ್ಲ.

ಮರುಸ್ಥಾಪನೆಗೆ ಮುನ್ನ:

1. ಬ್ರೌಸರ್‌ನಲ್ಲಿ ಗೂಗಲ್ ಖಾತೆ ತೆರೆದು, ಪಾಸ್‌ವರ್ಡ್‌ಗಳು ಅದರಲ್ಲಿ ಉಳಿಯುತ್ತಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

2. ಇಲ್ಲವಾದರೆ ಪಾಸ್‌ವರ್ಡ್‌ಗಳನ್ನು ಕಡತವಾಗಿ ರಫ್ತು ಮಾಡಿ ಪೆನ್‌ಡ್ರೈವ್‌ನಲ್ಲಿ ಇಡಬೇಕು. ಈ ಕಡತವನ್ನು ಯಾರು ಬೇಕಾದರೂ ಓದಬಹುದು. ಆದ್ದರಿಂದ ಕೆಲಸ ಮುಗಿದೊಡನೆ ಅಳಿಸತಕ್ಕದ್ದು.

3. ಫೈರ್‌ಫಾಕ್ಸ್ ಬಳಸುವವರು ಅದರ ಪ್ರೊಫೈಲ್ ಕೋಶವನ್ನು ಪೂರ್ತಿಯಾಗಿ ತೆಗೆದಿಡಬೇಕು. ಪಾಸ್‌ವರ್ಡ್‌ಗಳ ಕಡತ, ಕೀಲಿಯ ಕಡತ ಎರಡೂ ಜೊತೆಗಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ.

ಮರುಸ್ಥಾಪನೆಯಾಗಿ ಹೋಗಿದ್ದರೆ:

1. ಮೊದಲು ಬಳಸುತ್ತಿದ್ದ ಗೂಗಲ್ ಖಾತೆಯಿಂದಲೇ ಕ್ರೋಮ್‌ಗೆ ಪ್ರವೇಶಿಸಬೇಕು. ಮನೆಯಲ್ಲಿ ಎರಡು ಮೂರು ಖಾತೆಗಳಿದ್ದರೆ ಒಂದೊಂದನ್ನೂ ಪರೀಕ್ಷಿಸಬೇಕು.

2. ಅದೇ ಖಾತೆಯಿರುವ ಮೊಬೈಲ್‌ನ ಪಾಸ್‌ವರ್ಡ್ ಪಟ್ಟಿಯನ್ನೂ ನೋಡಬೇಕು.

3. ಎಲ್ಲಿಯೂ ಸಿಗದಿದ್ದರೆ ಊಹೆಯಿಂದ ಪದೇ ಪದೇ ಒತ್ತಕೂಡದು. ತಪ್ಪು ಪ್ರಯತ್ನ ಹೆಚ್ಚಿದರೆ ಬ್ಯಾಂಕ್ ಖಾತೆಯ ಪ್ರವೇಶ ತಡೆಯಾಗುತ್ತದೆ. 'ಪಾಸ್‌ವರ್ಡ್ ಮರೆತಿದೆ' ಎಂಬುದನ್ನು ಆರಿಸಿ, ನೋಂದಾಯಿತ ಮೊಬೈಲ್‌ಗೆ ಬರುವ ಓಟಿಪಿಯಿಂದ ಹೊಸದನ್ನು ರಚಿಸಿಕೊಳ್ಳಬೇಕು. ಇದಕ್ಕೆ ಹಳೆಯ ಸಿಮ್ ಚಾಲ್ತಿಯಲ್ಲಿರುವುದು ಅವಶ್ಯ.

ಎಚ್ಚರಿಕೆ: ದುರಸ್ತಿ ಮಾಡುವವರಿಗಾಗಲಿ, ಫೋನ್ ಮಾಡಿ ಕೇಳುವವರಿಗಾಗಲಿ ಓಟಿಪಿ ಹೇಳಕೂಡದು. ಹಣ ಹೋದುದು ತಿಳಿದೊಡನೆ 1930ಕ್ಕೆ ಕರೆ ಮಾಡಬೇಕು.

ಮುಖ್ಯ ಪಾಸ್‌ವರ್ಡ್‌ಗಳನ್ನು ಒಂದು ವಹಿಯಲ್ಲಿ ಬರೆದು, ಪಹಣಿ, ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲಿ ಕೀಲಿ ಹಾಕಿ ಇಡುವುದು ಲೇಸು. ಬಿತ್ತುವ ಮೊದಲೇ ಬೀಜ ತೆಗೆದಿಡುವ ರೈತರಿಗೆ ಇದು ಹೊಸ ಪಾಠವೇನಲ್ಲ.